ಕೇಳು

ಮಗ್ಗದ ಶೆಡ್ಡಿನ ಕಿಟಕಿಯಲ್ಲಿ ಒಂದು ರೇಡಿಯೊ ಇತ್ತು,
ಮೂವತ್ತೊಂದು ವರ್ಷ.
ಉಣ್ಣೆಯ ಎಣ್ಣೆ ಕುಡಿದು ಕುಡಿದು ಅದರ ಗುಂಡಿಗಳೂ
ಕುರಿಯ ವಾಸನೆ ಹೊಡೆಯುತ್ತಿದ್ದವು.
ಓಯ್ರಿಕ್ ಅದನ್ನು ಒಂದು ದಿನವೂ ಏನೂ ಕೇಳಲಿಲ್ಲ,
ಸುಮ್ಮನೆ ಕೇಳಿದಳು.

ಲೂಯಿಸ್ ದ್ವೀಪದ ಗಾಳಿ ಎಷ್ಟು, ಅಲೆ ಎಷ್ಟು,
ಯಾವ ಊರಲ್ಲಿ ಯಾರು ತೀರಿಕೊಂಡರು;
ನಡುವೆ, ಯಾರೂ ಕರೆಯದೆ, ಒಂದು ಪಿಟೀಲು.
ಪೆಡಲು ತುಳಿಯುವ ಕಾಲು ಅದರ ಹಿಂದೆ ಹೋಗಿ
ಮೀನೆಲುಬಿನ ನೇಯ್ಗೆಯಲ್ಲಿ ಎಳೆಯೊಂದು ತಪ್ಪಿದ್ದೂ ಉಂಟು.
ಆ ತಪ್ಪು ಈಗ ಯಾವ ಸಾಹೇಬನ ಬೆನ್ನ ಮೇಲಿದೆಯೋ!

ಹೋದ ಚಳಿಗಾಲ ಉಪ್ಪುಗಾಳಿ ರೇಡಿಯೊದ ಗಂಟಲು ತಿಂದಿತು.
ತಂಗಿಯ ಮಗಳು ಶೋನಾಕ್ ಗ್ಲಾಸ್ಗೋದಿಂದ ಬಂದವಳು
ಬನ್ನಿನ ಗಾತ್ರದ ಒಂದನ್ನು ತಂದಿಟ್ಟಳು,
ನೆತ್ತಿಯ ಸುತ್ತ ನೀಲಿ ಬಳೆ.
‘ಹೆಸರು ಹಿಡಿದು ಕರಿ ದೊಡ್ಡಮ್ಮ, ಬೇಕಾದ್ದು ಕೇಳು,
ಲೋಕವೆಲ್ಲ ಇದರ ಹೊಟ್ಟೆಯಲ್ಲಿದೆ.’

ಬೇಕಾದ್ದು?
ಬಂದ ಮೇಲೆ ತಾನೆ ಗೊತ್ತಾಗುತ್ತಿತ್ತು, ಬೇಕಿತ್ತೆಂದು.

ಇದನ್ನು ಕನ್ನಡದಲ್ಲಿ ಹೇಳುವ ನನಗೊಂದು ಕಳ್ಳ ಲಾಭ:
ಕೇಳು ಅಂದರೆ ಕಿವಿ, ಕೇಳು ಅಂದರೆ ಬಾಯಿ,
ಎರಡೂ ಒಂದೇ ಕಂಬಳಿಯಡಿ ಮಲಗುತ್ತವೆ.
ಅವಳ ಗೇಲಿಕ್ಕಿನಲ್ಲಿ ಅವು ಬೇರೆ ಬೇರೆ ಮನೆ.
ನನಗೆ ಕಾಣದ ಬೇಲಿ ಅವಳಿಗೆ ಮೊದಲ ದಿನವೇ ತಾಗಿತು.

ಬ್ಯಾಂಕಿನವರೊಡನೆ ಆಡುವ ಇಂಗ್ಲಿಷಿನಲ್ಲಿ
ಪಿಟೀಲು ಕೇಳಿದಳು. ಕೊಟ್ಟಿತು.
ಅಂಥದೇ ಇನ್ನೊಂದು, ಅಂಥದೇ ಮತ್ತೊಂದು,
ಒಂದೇ ಉಂಡೆಯ ನೂಲು ಬಿಚ್ಚಿದ ಹಾಗೆ.
ತಿಂಗಳು ಕಳೆಯುವುದರೊಳಗೆ
ಅವಳಿಗೆ ಅವಳದೇ ರುಚಿ ವಾಕರಿಕೆ ತಂದಿತು.

ಅವ್ವ ಬಟ್ಟೆ ಬಡಿಯುವಾಗ ಹಾಡುತ್ತಿದ್ದ ಹಾಡೊಂದಿತ್ತು,
ಹೆಸರಿಲ್ಲದ್ದು. ಉಳಿದದ್ದು ಪಲ್ಲವಿಯ ನಾಲ್ಕಕ್ಷರ,
ಅವಕ್ಕೂ ಅರ್ಥವಿಲ್ಲ.
ಬಾಗಿ, ಬನ್ನಿನ ಕಿವಿಗೆ ಆ ನಾಲ್ಕನ್ನು ಹೇಳಿದಳು.
ನೀಲಿ ಬಳೆ ತಿರುಗಿತು, ತಿರುಗಿತು,
ಆಮೇಲೆ ಶುದ್ಧ ಉಚ್ಚಾರದಲ್ಲಿ
ಕಡಲೆಕಾಳು ಎಷ್ಟು ಹೊತ್ತು ನೆನೆಯಬೇಕೆಂದು ವಿವರಿಸಿತು.

ಅವತ್ತು ನಕ್ಕದ್ದು! ಪಕ್ಕದ ಮನೆಯ ಟೋರ್ಮೊಡ್,
ದೋಣಿಯ ಎಂಜಿನ್ನಿಗೆ ಅರ್ಧ ಕಿವಿ ಕೊಟ್ಟವನು,
ಅವನೂ ಎದ್ದು ಬಂದ.

ಅಲ್ಲಿಂದ ಶುರುವಾಯಿತು ಆಟ.
ಹೆಸರು ಹಿಡಿದು ಕರೆಯುವುದು, ಉಳಿದದ್ದು ಗೇಲಿಕ್ಕಿನಲ್ಲಿ.
‘ಹುಲ್ಲು ತಿಂದವೇನೋ ಕುರಿಗಳು?’
ಬಂದದ್ದು ಕೊಲಂಬಿಯದ ಅಕಾರ್ಡಿಯನ್.
‘ನಿನ್ನ ಮುಖಕ್ಕಿಷ್ಟು ಮಸಿ.’
ತಿಮಿಂಗಿಲದ ನಿದ್ದೆಯ ಬಗ್ಗೆ ಒಬ್ಬ ಮುದುಕನ ಉಪನ್ಯಾಸ.
ಟೋರ್ಮೊಡ್ ಬಿಸ್ಕತ್ತು ಪಣಕ್ಕಿಟ್ಟು ಸೋತ, ಗೆದ್ದ, ಸೋತ.
ಹೇಳಿದ್ದನ್ನೇ ಮಾಡುವ ಆಳಿನಿಂದ
ತಪ್ಪು ಮಾಡಿಸಿಕೊಳ್ಳುವುದೂ ಒಂದು ಕಸುಬು.
ಭಾನುವಾರ ಮಾತ್ರ ಅದರ ತಲೆಗೆ ಟವಲು ಹೊದಿಸುತ್ತಾಳೆ,
ಮಗ್ಗದ ಹಾಗೆ ಅದೂ ವಾರಕ್ಕೊಮ್ಮೆ ಬಾಯಿ ಮುಚ್ಚಲಿ ಎಂದು.

ಫೆಬ್ರುವರಿಯ ಒಂದು ಸಂಜೆ ಲಾಳಿ ಸಿಕ್ಕಿಕೊಂಡಿತು.
ಸಿಟ್ಟಿನಲ್ಲಿ ಏನೋ ಬೈದಳು, ಯಾರಿಗೆಂದು ಅವಳಿಗೇ ತಿಳಿಯದು.
ಬನ್ನು ತನಗೇ ಎಂದುಕೊಂಡಿತು.

ಹೆಂಗಸಿನ ದನಿ.
ಯಾವ ದೇಶವೋ, ವಾದ್ಯವಿಲ್ಲ,
ಹಿಂದೆ ನೀರೋ ಬೆಂಕಿಯೋ ಸಣ್ಣಗೆ ಉರಿಯುವ ಸದ್ದು.
ಕಾಲು ತಂತಾನೆ ಪೆಡಲು ಹುಡುಕಿತು.
ಮುಗಿದ ಮೇಲೆ ಯಂತ್ರ ಹೆಸರು ಹೇಳಿತು,
ಅಷ್ಟರಲ್ಲಿ ಮಗ್ಗ ಗಡಗಡ.

ಮರುದಿನ ಅದೇ ಬೈಗುಳ ಬೈದಳು. ಬರಲಿಲ್ಲ.
ಮೆಲ್ಲಗೆ ಬೈದಳು, ಕೂಗಿ ಬೈದಳು,
ಲಾಳಿಯನ್ನು ಬೇಕೆಂದೇ ಸಿಕ್ಕಿಸಿ ಬೈದಳು.
ಕೊನೆಗೆ ಇಂಗ್ಲಿಷಿನಲ್ಲಿ, ಬ್ಯಾಂಕಿನ ದನಿಯಲ್ಲಿ:
‘ನಿನ್ನೆ ನಾನು ಕೇಳದೆ ಕೇಳಿದ್ದು.’
ಕ್ಷಮಿಸಿ, ಅರ್ಥವಾಗಲಿಲ್ಲ ಎಂದಿತು.
ನನ್ನ ಕನ್ನಡದಲ್ಲಾದರೂ ಅರ್ಥವಾಗುತ್ತಿತ್ತೇ,
ನನಗೆ ಅನುಮಾನ.

ಆ ಸಂಜೆಯ ಬಟ್ಟೆಯಲ್ಲಿ ಒಂದು ಎಳೆ ತಪ್ಪಿದೆ.
ಮಿಲ್ಲಿನವರು ಸೀಮೆಸುಣ್ಣದ ಗುರುತು ಹಾಕಿ
ಸರಿಮಾಡಲು ವಾಪಸು ಕಳಿಸಿದ್ದಾರೆ.
ಸೂಜಿ ಅಲ್ಲೇ ಇದೆ, ನೂಲೂ ಇದೆ.
ಇನ್ನೂ ಕೂತಿಲ್ಲ ಅವಳು.